ಅಮಾವಾಸ್ಯೆಯ ಹಾಡಿನಲ್ಲೊಂದು ಮುತ್ತು

“ಎಳಿ ಹರದರ ಕಟ್ಟತೇನಿ…”

ಶೇವಂತಿ ಕಣ್ಣು ಮುಚ್ಚಿದ್ದಳು. ಎಡಗೈ ಕಿವಿಯ ಮೇಲಿತ್ತು. ಸಾಲಿನ ನಡುವೆ ತುಟಿ ಮುಂದೆ ಚಾಚಿ ಗಾಳಿಗೊಂದು ಮುತ್ತು ಕೊಟ್ಟಳು. ಪುಚಕ್!

“…ನೀ ಹರದರ ಏನ ಕಟ್ಟಲಿ?”

ಹಾಡು ಮುಗಿಸಿ ಕಣ್ಣು ತೆರೆದಳು. “ಮೂರ್ ಸಲ ಆತ್ರಿ ಮ್ಯಾಡಮ್ಮಾರ. ನಾಕನೇ ಸಲಕ್ಕ ಟಿಕೀಟ್ ಹಚ್ಚತೇನಿ ನೋಡ್ರಿ ಮತ್ತ!”

ಮುಧೋಳದ ನಾಟಕ ಕಂಪನಿಯಲ್ಲಿ ಹತ್ತು ವರ್ಷ ಬಣ್ಣ ಹಚ್ಚಿದವಳು ಶೇವಂತಿ. ಟಿಕೀಟು ಹಚ್ಚುವುದೂ ಗೊತ್ತು, ಚಪ್ಪಾಳೆಗೆ ಕಾಯುವುದೂ ಗೊತ್ತು. ಚಪ್ಪಾಳೆ ಬರಲಿಲ್ಲ.

ತ್ರಿಶಲಾ ನೋಟ್‌ಬುಕ್ಕಿನಲ್ಲಿ ಮೂರನೆಯ ಗೆರೆ ಎಳೆದಳು. ಮೂರು ಗೆರೆಗಳೂ ಒಂದೇ ಉದ್ದ. ಅದೇ ಅವಳಿಗೆ ಕಿರಿಕಿರಿ.

ಗೋಡೆಯ ಗಡಿಯಾರ ಮೂರೂ ನಲವತ್ತು ತೋರಿಸುತ್ತಿತ್ತು. ಐದು ಗಂಟೆಯೊಳಗೆ ಒಂದು ಸಹಿ ಹುಬ್ಬಳ್ಳಿಯ ಹಾಡಿನ ಕಂಪನಿಗೆ ಹೋಗಬೇಕು. ಹೋಗದಿದ್ದರೆ ‘ಕಂಡಿಕಿ’ ಎಂಬ ಹಾಡು ಎಲ್ಲ ಕಡೆಯಿಂದ ಕೆಳಗಿಳಿಯುತ್ತದೆ.

ಬನಹಟ್ಟಿಯ ಹುಡುಗರ ‘ಲಾಳಿ’ ಬ್ಯಾಂಡಿನ ಮೊದಲ ಹಾಡು ಅದು. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿಯ ಹೆಸರೇ ಹಾಡಿನ ಹೆಸರು. ಮೂರೇ ತಿಂಗಳಲ್ಲಿ ಹಿಟ್ಟಾಗಿತ್ತು. ಹಿಟ್ಟಾದ ಮೇಲೆ ನಾದುವವರಿಗೆ ಬರವೇ? ರಬಕವಿಯ ಸೀರೆ ಅಂಗಡಿಯಿಂದ ಮುಧೋಳದ ಬಸ್‌ಸ್ಟ್ಯಾಂಡಿನ ತನಕ ಎಲ್ಲರ ಫೋನೂ ಅದನ್ನೇ ನಾದುತ್ತಿತ್ತು. ಆದರೆ ಜನರಿಗೆ ಗಿಟಾರ್ ಬೇಕಿರಲಿಲ್ಲ, ಡ್ರಮ್ ಬೇಕಿರಲಿಲ್ಲ. ಎರಡು ನಿಮಿಷ ಹತ್ತನೇ ಸೆಕೆಂಡಿಗೆ ಮಗ್ಗದ ತಾಳ ಗಪ್ಪನೆ ನಿಂತು, ಎಲ್ಲಿಂದಲೋ ಒಂದು ಹೆಣ್ಣುದನಿ ಎರಡು ಸಾಲು ಹಾಡಿ, ನಡುವೆ ಒಂದು ಮುತ್ತು ಕೊಡುತ್ತಿತ್ತಲ್ಲ, ಅದು ಬೇಕಿತ್ತು. ಜಮಖಂಡಿಯ ಕಾಲೇಜು ಹುಡುಗರಂತೂ ಹಾಡಿನ ಹೆಸರನ್ನೇ ಮರೆತು ‘ಮುತ್ತಿನ ಹಾಡು’ ಎನ್ನುತ್ತಿದ್ದರು.

ದನಿ ಯಾರದೆಂದು ಕೇಳಿದರೆ, “ಹೆಸರು ಬ್ಯಾಡ ಅಂದ ಗೆಳತಿ” ಎಂದಿದ್ದ ಹಾಡು ಕಟ್ಟಿದ ಕಲ್ಮೇಶ. ಅಷ್ಟು ಸಾಕಿತ್ತು, ಇಬ್ಬರು ಹೆಂಗಸರು “ಆ ಗೆಳತಿ ನಾನೇ” ಎಂದು ಕಂಪನಿಗೆ ಬರೆದರು. ಕಂಪನಿಯ ವಕೀಲರು ಬೆವೆತರು. ಜಮಖಂಡಿಯಲ್ಲಿ ಮದುವೆಗೆ ಮೊದಲು ಗಂಡು-ಹೆಣ್ಣುಗಳ ಪೂರ್ವಾಪರ ವಿಚಾರಿಸಿ ಕೊಡುವ ತ್ರಿಶಲಾಗೆ ಫೋನು ಹಚ್ಚಿದರು. ಬೀಳಗಿಯವಳೂ ಜಮಖಂಡಿಯವಳೂ ಕಳೆದ ವಾರವೇ ಅವಳ ಮುಂದೆ ಸೋತು ಬಸ್ ಹತ್ತಿದ್ದರು.

ಆಮೇಲೆ ಬಂದವಳು ಶೇವಂತಿ. ಇವಳನ್ನು ಕಲ್ಮೇಶನೇ ಒಪ್ಪಿದ್ದ. “ಹೌದ್ರಿ, ಇವರ ಹಾಡ್ಯಾರ” ಎಂದಿದ್ದ. ತ್ರಿಶಲಾ ಒಂದು ಸಹಿ ಹಾಕಿದರೆ ಶೇವಂತಿಯೂ ಒಂದು ಹಾಕುತ್ತಾಳೆ, ಹಾಡು ಉಳಿಯುತ್ತದೆ, ಎಲ್ಲರೂ ಚಹಾ ಕುಡಿದು ಮನೆಗೆ ಹೋಗುತ್ತಾರೆ.

ತ್ರಿಶಲಾ ಪೆನ್ನಿನ ಮುಚ್ಚಳ ತೆಗೆದಳು. ಮತ್ತೆ ಹಾಕಿದಳು.

ಅವರು ಕುಳಿತಿದ್ದುದು ಕಲ್ಮೇಶನ ಮನೆಯ ಮಗ್ಗದ ಶೆಡ್ಡಿನಲ್ಲಿ. ಅವನ ಎರಡು ಮಗ್ಗಗಳು ಮಾತ್ರ ಸುಮ್ಮನಿದ್ದವು. ಹೊರಗೆ ಇಡೀ ಓಣಿ ಖಟಾಖಟ್ ಖಟಾಖಟ್ ಎನ್ನುತ್ತಿತ್ತು. ತೇರದಾಳದ ಸದ್ದಿಲ್ಲದ ಮನೆಯಲ್ಲಿ ಬೆಳೆದ ತ್ರಿಶಲಾಗೆ ಮೂರು ದಿನದಿಂದ ತಲೆಯೊಳಗೇ ಯಾರೋ ಮಗ್ಗ ಹೂಡಿದಂತಾಗಿತ್ತು.

“ಏನ್ ನೋಡಾಕತ್ತೀರಿ?” ಎಂದರು ಅಣ್ಣಾಸಾಹೇಬರು. “ಹಾಡಿದಾಕಿ ಹಾಡೇನಿ ಅಂತಾಳ. ಹಾಡಿಸಿದಾವ ಹೌದು ಅಂತಾನ. ನಾ ಪಂಚ ಅಂತ ಸಹಿ ಮಾಡಾಕ ಕುಂತೇನಿ. ಮುಗಸ್ರಿ.”

ಅಣ್ಣಾಸಾಹೇಬರು ಓಣಿಯ ಹಿರಿಯರು. ಹನ್ನೆರಡು ಮಗ್ಗದ ಧಣಿ. ಮೂರು ತಿಂಗಳ ಹಿಂದೆ ಅವರ ನಾಲ್ಕು ಮಗ್ಗದ ಹಾಸುನೂಲು ಸುಟ್ಟು ಬೂದಿಯಾಗಿತ್ತು. ನೋಡಲು ಬಂದ ಕರೆಂಟ್ ಇಲಾಖೆಯವರು ವೈರು ಅಂದರು. ಅಣ್ಣಾಸಾಹೇಬರು ಅಮಾಸಿ ಅಂದರು. ಅದಕ್ಕೆ ಐದು ದಿನ ಮೊದಲು, ನೇಯ್ಗೆ ನಿಷಿದ್ಧವಾದ ಅಮಾವಾಸ್ಯೆಯ ದಿನ, ಓಣಿಯಲ್ಲಿ ಯಾರೋ ಮಗ್ಗ ಹೊಡೆದಿದ್ದಾರೆ, ಅದಕ್ಕೇ ಹೀಗಾಯಿತು ಎಂಬುದು ಅವರ ನಂಬಿಕೆ. ಯಾರೆಂದು ಗೊತ್ತಾದರೆ ಆ ಮನೆಯ ಮಗ್ಗ ಕಿತ್ತು ಓಣಿಯಾಚೆ ಇಡಿಸುತ್ತೇನೆ, ಮುಂದೆ ಯಾರೂ ಅವರಿಗೆ ನೂಲು ಕೊಡಬಾರದು ಎಂದು ಗುಡಿಯ ಕಟ್ಟೆಯ ಮೇಲೆ ನಿಂತು ಹೇಳಿದ್ದರು. ತ್ರಿಶಲಾ ಈ ಕಥೆಯನ್ನು ಚಹಾದ ಅಂಗಡಿಯಲ್ಲಿ ಅರ್ಧ ಕೇಳಿ, ತನ್ನ ಕೆಲಸಕ್ಕೆ ಸಂಬಂಧವಿಲ್ಲವೆಂದು ಉಳಿದರ್ಧವನ್ನು ಅಲ್ಲೇ ಬಿಟ್ಟು ಬಂದಿದ್ದಳು.

“ಮುಗಸೋಣ್ರಿ” ಎಂದಳು ತ್ರಿಶಲಾ. “ಆ ವಿಡಿಯೋ ಇನ್ನೊಮ್ಮೆ ಹಚ್ರಿ, ಮನೋಜ.”

ಮನೋಜ ಬ್ಯಾಂಡಿನ ಡ್ರಮ್ಮಿನವ, ರೆಕಾರ್ಡಿಂಗೂ ಅವನದೇ. ಸದಾ ಬೆರಳಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಿದ್ದವನು ಇವತ್ತು ಬೆರಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದ. ಲ್ಯಾಪ್‌ಟಾಪ್ ಅವಳತ್ತ ತಿರುಗಿಸಿದ.

ನಲವತ್ತೈದು ಸೆಕೆಂಡಿನ ವಿಡಿಯೋ. ಇದೇ ಶೆಡ್ಡು. ಶೇವಂತಿ ಹೆಡ್‌ಫೋನ್ ಹಾಕಿಕೊಂಡು ಹಾಡುತ್ತಿದ್ದಾಳೆ. ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಹಾಡು ಮಾಡಿದ ತಿಂಗಳ ಹಾಳೆ.

“ಇದು ಯಾವತ್ತು ತಗದದ್ದು?”

“ಹಾಡು ಮಾಡಿದ ದಿನಾನ ರಿ” ಎಂದ ಕಲ್ಮೇಶ. “ಅಮಾಸಿ ದಿನ. ಓಣಿ ಮಂದಿ ಎಲ್ಲಾ ಜಳಕಕ್ಕ ಹೊಳಿಗೆ ಹೋಗಿದ್ರು. ಸಪ್ಪಳ ಇರೂದಿಲ್ಲ ಅಂತ ಅವತ್ತ ಇಟಗೊಂಡಿದ್ವಿ.”

“ಸಪ್ಪಳ ಇರಲಿಲ್ಲ?”

“ಒಂಚೂರೂ ಇರಲಿಲ್ರಿ.”

ತ್ರಿಶಲಾ ವಿಡಿಯೋದ ದನಿ ಪೂರ್ತಿ ಏರಿಸಿದಳು. “ಈಗ ಇದರಾಗ ಏನ್ ಕೇಳತೈತಿ, ಒಬ್ಬೊಬ್ಬರ ಹೇಳ್ರಿ. ಸಾಹೇಬ್ರ?”

“ಈಕಿ ಹಾಡು ಕೇಳತೈತಿ.”

“ಕಲ್ಮೇಶ?”

“ಹಾಡ್ರಿ.”

“ತಾಯವ್ವಾರ?”

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಲ್ಮೇಶನ ತಾಯಿ ತಲೆ ಓರೆ ಮಾಡಿ ಕೇಳಿದಳು. “ಹಾಡ ಮತ್ತ. ಇನ್ನೇನ್ ಕೇಳಬೇಕ್ರಿ ಯವ್ವಾ? ನನ್ನ ಕಿವಿ ಛಲೋ ಅದಾವು.”

“ಮನೋಜ?”

ಮನೋಜ ನೆಲ ನೋಡಿದ. ಅವನಿಗೆ ಕೇಳಿತ್ತು.

ತ್ರಿಶಲಾ ವಿಡಿಯೋ ನಿಲ್ಲಿಸಿದಳು. ಹಾಡು ನಿಂತಿತು. ಖಟಾಖಟ್ ನಿಲ್ಲಲಿಲ್ಲ, ಅದು ಹೊರಗಿನದು. ಮತ್ತೆ ಹಚ್ಚಿದಳು. ಖಟಾಖಟ್ ಇಮ್ಮಡಿಯಾಯಿತು.

“ಇದರಾಗ ಕಡಿಮಿ ಅಂದ್ರೂ ಐವತ್ತು ಮಗ್ಗ ಹೊಡ್ಯಾಕತ್ತಾವು” ಎಂದಳು. “ನಾ ಹೊರಗಿನಾಕಿ, ನನಗ ಮೊದಲ ಅದ ಕೇಳತೈತಿ. ನೀವು ಹುಟ್ಟಿದಾಗಿಂದ ಕೇಳಿ ಕೇಳಿ, ನಿಮಗ ಅದು ಸಪ್ಪಳ ಅಂತನ ಅನಸೂದಿಲ್ಲ. ಸಾಹೇಬ್ರ, ಅಮಾಸಿ ದಿನ ನಿಮ್ಮ ಓಣಿಯಾಗ ಎಷ್ಟ್ ಮಗ್ಗ ಹೊಡೀತಾವ್ರಿ?”

ಅಣ್ಣಾಸಾಹೇಬರ ಮುಖ ಬಿಗಿಯಿತು. “ಒಂದ ಒಂದು ಹೊಡಿಯೂದಿಲ್ಲ.”

“ಹಂಗಾದ್ರ ಈ ವಿಡಿಯೋ ಅಮಾಸೀದಲ್ಲ. ಕ್ಯಾಲೆಂಡರ್ ಹಾಳಿ ಹಿಂದ ತಿರುವಿ, ಫೋನಿನ ತಾರೀಖು ಬದಲಿ ಮಾಡಿ, ಮೊನ್ನೆ ಮೊನ್ನೆ ತಗದದ್ದು.”

ಶೇವಂತಿ ಎದ್ದು ನಿಂತಳು. ಸೆರಗು ಸರಿ ಮಾಡಿಕೊಂಡು, ಗಂಟಲಲ್ಲಿ ಕಫ ಸರಿಸಿ, ಥೇಟ್ ಅಣ್ಣಾಸಾಹೇಬರ ದನಿಯಲ್ಲಿ, “ಮುಗಸ್ರಿ, ಮುಗಸ್ರಿ” ಎಂದಳು. ಅಣ್ಣಾಸಾಹೇಬರು ತಮ್ಮ ಬಾಯಿ ತಾವೇ ಮುಟ್ಟಿ ನೋಡಿಕೊಂಡರು. ಮರುಗಳಿಗೆ ಅವಳು ಹುಬ್ಬಳ್ಳಿಯ ವಕೀಲರಾದಳು: “ಏನ್ರೀ ತ್ರಿಶಲಾ ಅವ್ರೇ, ಒಂದು ಸಹಿ, ಒಂದೇ ಒಂದು ಸಹಿ!” ಅದರ ಮರುಗಳಿಗೆ ತ್ರಿಶಲಾಳೇ ಆದಳು. ಮೂಗಿನ ಮೇಲೆ ಇಲ್ಲದ ಕನ್ನಡಕ ಏರಿಸಿ, “ಏನ್ ಕೇಳತೈತಿ, ಒಬ್ಬೊಬ್ಬರ ಹೇಳ್ರಿ.”

ತಾಯವ್ವ ಕಿಸಕ್ಕನೆ ನಕ್ಕು ತಟ್ಟೆ ಅಡ್ಡ ಹಿಡಿದಳು.

“ಯಾರ ದನಿ ಬೇಕಾದ್ರೂ ತಗೀತೇನ್ರಿ ನಾ” ಎಂದಳು ಶೇವಂತಿ ತನ್ನ ದನಿಗೆ ಮರಳಿ. “ಆ ದನಿ ನಂದಲ್ಲ ಅಂತ ಹೆಂಗ ಹೇಳತೀರಿ?”

“ಅದಕ್ಕ ಹೇಳತೇನಿ. ತನ್ನ ಹಾಡನ್ನ ಹಾಡಾವ್ರು ಒಂದೊಂದ್ ಸಲ ಒಂದೊಂದ್ ನಮೂನಿ ಹಾಡತಾರ. ನೀವು ಮೂರು ಸಲಾನೂ ಕೂದಲೆಳಿ ಹೆಚ್ಚುಕಮ್ಮಿ ಆಗದಂಗ ಹಾಡಿದ್ರಿ. ನಕಲು ಅಷ್ಟ ಚೊಕ್ಕ ಇರತೈತಿ. ಬರೇ ಒಂದು ತಪ್ಪಿದ್ರಿ. ಮುತ್ತು.”

“ಮುತ್ತಿಗೆ ಏನಾಗೇತ್ರಿ? ಹಂತಾ ಮುತ್ತಿಗೆ ಮುಧೋಳದಾಗ ಸೀಟಿ ಹೊಡದಾರ ಮಂದಿ!”

“ನೀವು ಕೊಡೂದು ಹೊರಗಿನ ಮುತ್ತು. ಗಾಳಿ ಹೊರಗ ಹೋಗತೈತಿ. ಹಾಡಿನ್ಯಾಗ ಇರೂದು ಒಳಗಿನದು. ಗಾಳಿ ಒಳಗ ಬರತೈತಿ.”

ಶೇವಂತಿ ತುಟಿ ಮುಂದೆ ಮಾಡಿದಳು. ಪುಚಕ್. ಹಿಂದೆ ಎಳೆದಳು. ಸುರ್ಕ್. ಎರಡನ್ನೂ ತೂಗಿ ನೋಡಿದಳು. ನಾಟಕದವರಿಗೆ ಸುಳ್ಳು ಹೇಳುವುದು ಕಷ್ಟವಲ್ಲ. ನಕಲು ಕೆಟ್ಟಿದೆ ಎಂದು ಗೊತ್ತಾದ ಮೇಲೂ ಅದನ್ನು ಸಮರ್ಥಿಸುವುದು ಕಷ್ಟ.

“ಥೂ ಇದರಾಪ್ಪನ! ಖರೇನ ಐತಿ” ಎಂದು ಕುಕ್ಕರಿಸಿದಳು. “ತಮ್ಮಾ ಕಲ್ಮೇಶ, ಮುತ್ತಿನ ಬಗ್ಗಿ ಮೊದಲ ಹೇಳಬಾರದಾಗಿತ್ತೇನೋ? ಹತ್ತು ಮಂದಿ ಮುಂದ ನನ್ನ ಕಲಾ ಕಳದೆಲ್ಲೋ!”

ತ್ರಿಶಲಾ ನೋಟ್‌ಬುಕ್ ಮುಚ್ಚಿದಳು.

“ಅಂದ್ರ ನಿಮ್ಮನ್ನ ಕರಸಿದಾವ್ರು ಕಲ್ಮೇಶನ?” ಎಂದಳು ತ್ರಿಶಲಾ.

“ಅವನ ಬಂದಿದ್ದ ಮುಧೋಳಕ್ಕ. ‘ಒಂದು ದನಿ ಐತಿ ಅಕ್ಕಾ, ಅದು ನಂದ ಅಂತ ಹೇಳಬೇಕು’ ಅಂದ. ಯಾರ ದನಿ ಅದು ಅಂದೆ. ‘ಅದನ್ನಷ್ಟ ಕೇಳಬ್ಯಾಡ’ ಅಂದ. ನಾ ಕೇಳಲಿಲ್ಲ.”

ಕಲ್ಮೇಶ ಏನನ್ನೂ ಅಲ್ಲಗಳೆಯಲಿಲ್ಲ. ಬರಿದೇ ಗಡಿಯಾರ ನೋಡಿದ. ನಾಲ್ಕೂ ಐದು.

“ಮ್ಯಾಡಮ್ಮಾರ” ಎಂದ ಮೆಲ್ಲಗೆ. “ಹೊರಗ ಬರ್ರಿ. ನಾ ಒಬ್ಬರಿಗೆ ಹೇಳತೇನಿ.”

ತ್ರಿಶಲಾ ಆಗಲೇ ಎದ್ದು ಹೋಗಬೇಕಿತ್ತು. ಆದರೆ ಮೂರು ದಿನ ತಲೆನೋವು ತಿಂದು ಬಿಡಿಸಿದ ಗಂಟು ಬೆರಳ ತುದಿಗೆ ಬಂದು ನಿಂತಿತ್ತು. ಅದನ್ನು ಎಲ್ಲರ ಮುಂದೆ ಬಿಚ್ಚಿ ತೋರಿಸದಿದ್ದರೆ ಬಿಡಿಸಿದ್ದಾದರೂ ಯಾಕೆ? ಜಾಣರಿಗೆ ಜಾಣತನವೇ ಜಾರುಬಂಡಿ.

“ಹೊರಗ ಯಾಕ? ಇಲ್ಲೇ ಆಗಲಿ. ಮನೋಜ, ಅಸಲಿ ಹಾಡು ಹಚ್ರಿ.”

ಗಿಟಾರು. ಡ್ರಮ್ಮು. ಅವುಗಳ ಕೆಳಗೆ ಒಂದೇ ಒಂದು ಮಗ್ಗದ ಓಟ. ಸುತ್ತ ಬೇರಾವ ಸದ್ದೂ ಇಲ್ಲ. ಅದು ಮಾತ್ರ ನಿಜಕ್ಕೂ ಅಮಾವಾಸ್ಯೆಯ ನಿಶ್ಶಬ್ದ.

“ಈ ಮಗ್ಗದ ಸಪ್ಪಳ ಎಲ್ಲಿದು?”

“ಸ್ಪೀಕರಿಂದ್ರಿ” ಎಂದರು ಅಣ್ಣಾಸಾಹೇಬರು ಕಲ್ಮೇಶನಿಗಿಂತ ಮೊದಲೇ. “ಅವತ್ತ ಮನ್ಯಾಗಿದ್ದ ಮುದುಕರು ಇಲ್ಲಿ ಮಗ್ಗದ ಸಪ್ಪಳ ಕೇಳ್ಯಾರ. ನಾ ಬಂದು ಕೇಳಿದ್ನೆ. ಫೋನಿನ್ಯಾಗ ಹಿಡದದ್ದನ್ನ ಸ್ಪೀಕರಿಗೆ ಹಚ್ಚಿದ್ವಿ ಅಂದ ಈ ಹುಡುಗ. ನನಗ ಪೂರಾ ನಂಬಿಕಿ ಬರಲಿಲ್ಲ ಖರೆ, ಆದ್ರ ಅವತ್ತ ತಾಯವ್ವ ಹೊಳ್ಯಾಗಿದ್ಳು. ಇವರಿಬ್ಬರಿಗೂ ಮಗ್ಗ ಹೊಡ್ಯಾಕ ಬರೂದಿಲ್ಲ.”

“ಸ್ಪೀಕರಿನ ಮಗ್ಗಕ್ಕ ನೂಲು ಮುಗೀತೈತೇನ್ರಿ, ಸಾಹೇಬ್ರ?”

“ಮ್ಯಾಡಮ್ಮಾರ!” ಎಂದ ಕಲ್ಮೇಶ.

ತ್ರಿಶಲಾ ಕೈ ಎತ್ತಿ ಅವನನ್ನು ತಡೆದಳು. “ಎರಡು ನಿಮಿಷ ಹತ್ತನೇ ಸೆಕೆಂಡು. ಕೇಳ್ರಿ. ಎರಡು ಹೊಡ್ತ ಪೊಳ್ಳಾದ್ವು. ಮಗ್ಗ ನಿಂತತು. ಕಟ್ ಅಂತ ಕಟ್ಟಿಗೀ ಸಪ್ಪಳ. ಆಮ್ಯಾಲ ಹಾಡು. ನಡುವ ಆ ಮುತ್ತು. ಮತ್ತ ಕಟ್. ಮತ್ತ ಮಗ್ಗ ಓಡತು. ತಾಯವ್ವಾರ, ನಿಮ್ಮ ಮಗ್ಗದಾಗ ಮುಗ್ಯಾಕ ಬಂದ ಕಂಡಿಕಿ ಐತೇನ್ರಿ?”

“ಐತ್ರಿ. ಇನ್ನೊಂದು ಗೇಣು ನೂಲು ಇರಬೇಕು.”

“ಒಂಚೂರು ಹೊಡದು ತೋರಸ್ರಿ.”

“ಅವ್ವಾ, ಬ್ಯಾಡ!”

“ಏನ್ ಬ್ಯಾಡೋ? ಮ್ಯಾಡಮ್ಮಾರು ಮಗ್ಗ ನೋಡಬೇಕು ಅನ್ನಾಕತ್ತಾರ. ನಿನಗೇನ್ ನಾಚಿಕಿ?”

ತಾಯವ್ವ ಚಹಾದ ತಟ್ಟೆ ಕೆಳಗಿಟ್ಟು ಸ್ವಿಚ್ ಒತ್ತಿದಳು. ಮಗ್ಗ ಮೈ ಕೊಡವಿ ಓಡಿತು. ಹತ್ತು ಹೊಡೆತ, ಇಪ್ಪತ್ತು ಹೊಡೆತ. ಕಡೆಯ ಎರಡು ಪೊಳ್ಳು. ಹೊಕ್ಕಿನ ನೂಲು ಮುಗಿದು ಮಗ್ಗ ತಾನಾಗಿಯೇ ನಿಂತಿತು.

ಅವಳು ಲಾಳಿ ಎಳೆದಳು. ಕಟ್. ಖಾಲಿ ಕಂಡಿಕಿ ಕಿತ್ತು ನೂಲು ತುಂಬಿದ್ದನ್ನು ಸಿಕ್ಕಿಸಿದಳು. ನಲವತ್ತು ವರ್ಷದ ರೂಢಿಯಂತೆ ಬಗ್ಗಿ, ಲಾಳಿಯ ಸಣ್ಣ ತೂತಿಗೆ ಬಾಯಿ ಹಚ್ಚಿ, ನೂಲಿನ ತುದಿಯನ್ನು ಒಳಗಿನಿಂದ ಉಸಿರಲ್ಲೇ ಎಳೆದುಕೊಂಡಳು.

ಸುರ್ಕ್.

ಜಮಖಂಡಿಯ ಕಾಲೇಜು ಹುಡುಗರೆಲ್ಲ ಎದೆಯ ಮೇಲೆ ಕೈ ಇಟ್ಟುಕೊಂಡು ಕೇಳಿದ ಮುತ್ತು ಅದು.

ಕಟ್. ಮಗ್ಗ ಮತ್ತೆ ಓಡಿತು.

“ನಿಂದರಸ್ರಿ, ಸಾಕು!” ಎಂದಳು ತ್ರಿಶಲಾ. ಗೆದ್ದ ದನಿ. “ಸ್ಪೀಕರ್ ಅಲ್ಲ, ಖರೇ ಮಗ್ಗ. ಹಾಡಿದಾಕಿ ಮೈಕಿನ ಮುಂದ ನಿಂತಿರಲಿಲ್ಲ, ಮಗ್ಗದ ಮುಂದ ಇದ್ಳು. ಕಂಡಿಕಿ ಬದಲಿಸ್ತಾ ಹಾಡ್ಯಾಳ. ನೂಲು ಎಳಿಯೂವಾಗ ಸಾಲು ನಡುವ ಕಡದೈತಿ. ನಮಗ ಬೇಕಾದ ದನಿ ನೇಕಾರ ಹೆಣ್ಣುಮಗಳದು. ಇದ ಓಣಿಯಾಕಿ. ಅವತ್ತ ಹೊಳಿಗೆ ಹೋಗಲಾರದಾಕಿ.”

ಹೇಳಿ ಮುಗಿದ ಮೇಲೆ ಅವಳಿಗೆ ತಾನು ಹೇಳಿದ್ದು ಕೇಳಿಸಿತು.

ಅಣ್ಣಾಸಾಹೇಬರು ನಿಧಾನವಾಗಿ ಎದ್ದರು. ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

“ಅಂದ್ರ ಅಮಾಸಿ ದಿನ ಇಲ್ಲಿ ಮಗ್ಗ ಹೊಡದೈತಿ.”

ಅವರು ಮಗ್ಗದ ಮೇಲೆ ಕೈ ಇಟ್ಟರು.

“ಹೊಡದಾಕಿ ಹಾಡ್ಯಾಳ. ಹಾಡು ಎಲ್ಲಾರ ಫೋನಿನ್ಯಾಗೂ ಐತಿ.” ಅವರು ತ್ರಿಶಲಾಗೆ ಕೈ ಮುಗಿದರು. “ಮೂರ್ ತಿಂಗಳು ಹುಡಕೇನ್ರಿ ನಾ. ನೀವು ಮೂರ್ ದಿನದಾಗ ಹುಡಕಿ ಕೊಟ್ರಿ. ದೊಡ್ಡ ಉಪಕಾರ ಆತು.”

ಚಪ್ಪಲಿ ಮೆಟ್ಟಿ ಹೊರಟರು. ಅವಸರವಿರಲಿಲ್ಲ. ಅದೇ ಭಯವಾಗುವಂತಿತ್ತು.

“ಏನ್ ಮಾಡಿದ್ರಿ ಮ್ಯಾಡಮ್ಮಾರ?” ಕಲ್ಮೇಶನ ದನಿ ಹರಿದಿತ್ತು. “ಹೊರಗ ಬರ್ರಿ ಅಂದ್ನೆಲ್ರಿ! ಹಾಡು ಹೋದ್ರ ಹೋಗಲಿ, ಇನ್ನೊಂದು ಮಾಡತಿದ್ವಿ. ಆಕಿ ಹೆಸರು ಹೊರಗ ಬರಬಾರದು ಅಂತನ ಅಲ್ಲೇನ್ರಿ ಈ ಶೇವಂತಿ ಅಕ್ಕಾನ್ನ ಕರಕೊಂಡ ಬಂದದ್ದು?”

“ಹಾಡು ಅಂತ ನಾವ ಹೇಳಿರಲಿಲ್ರಿ ಆಕಿಗೆ” ಎಂದ ಮನೋಜ. ಇಷ್ಟು ಹೊತ್ತಿನ ನಂತರ ಅವನ ಮೊದಲ ಮಾತು. “ನಮಗ ತಾಳಕ್ಕ ಖರೇ ಮಗ್ಗ ಬೇಕಾಗಿತ್ತು. ಸ್ಪೀಕರಿನ್ಯಾಗ ಜೀವ ಇರಲಿಲ್ಲ. ಒಂದ ಮೈಕು, ಒಂದ ಸಲ. ನಡುವ ನೂಲು ಮುಗೀತು. ಹಾಳಾತು ಅಂತ ನಾ ಕೈ ಬಿಟ್ಟೆ. ಆಕಿ ಬಗ್ಗಿದಾಕಿ ಹಂಗ ಹಾಡಿಬಿಟ್ಳು. ಬ್ಯಾಸರಕ್ಕ ಹಾಡೂ ಹಾಡಂತ. ಮಗ್ಗ ಮತ್ತ ಹಿಡೀತು, ನಾವೂ ಹಿಡದ್ವಿ. ತಗದ ಹಾಕಬೇಕಿತ್ರಿ ಆ ಸಾಲು. ನಮ್ಮ ಕೈಲಿಂದ ಆಗಲಿಲ್ಲ.”

“ಯಾರಾಕಿ?” ಎಂದಳು ತ್ರಿಶಲಾ.

ಮನೋಜ ಲ್ಯಾಪ್‌ಟಾಪ್ ಮುಚ್ಚಿದ.

ಆಗ ಹೊರಗೆ ಏನೋ ಕಡಿಮೆಯಾಯಿತು. ಏನೆಂದು ಮೊದಲು ತಿಳಿಯಲಿಲ್ಲ. ಓಣಿಯ ಆ ತುದಿಯಲ್ಲಿ ಒಂದು ಮಗ್ಗ ನಿಂತಿತ್ತು. ಅದರ ಪಕ್ಕದ್ದು ನಿಂತಿತು. ಅಣ್ಣಾಸಾಹೇಬರ ದನಿ ಮನೆಯಿಂದ ಮನೆಗೆ ಬರುತ್ತಿತ್ತು: “ಬಂದ್ ಮಾಡ್ರಿ. ಹೆಣ್ಣಮಕ್ಕಳು ಹೊರಗ ಬರ್ರಿ. ಒಬ್ಬೊಬ್ಬರ ಬಂದು ಆ ಎರಡು ಸಾಲು ಅನ್ರಿ.”

ಹತ್ತು. ಇಪ್ಪತ್ತು. ಮೂವತ್ತು. ತ್ರಿಶಲಾಳ ತಲೆಯೊಳಗಿನ ಮಗ್ಗವೂ ನಿಂತಿತು. ತಾಯವ್ವ ಗೋಡೆಗೆ ಒರಗಿದಳು. “ಕಿವಿ ಯಾಕೋ ಗವ್ ಅನ್ನಾಕತ್ತಾವ್ರಿ” ಎಂದಳು ಗಾಬರಿಯಿಂದ. ಅಮಾವಾಸ್ಯೆಯಲ್ಲದ ದಿನ ಅಂಥ ನಿಶ್ಶಬ್ದವನ್ನು ಅವಳು ಕೇಳಿರಲಿಲ್ಲ.

ಓಣಿ ಪೂರ್ತಿ ನಿಂತಿತು.

ಪೂರ್ತಿ ಅಲ್ಲ. ಎಲ್ಲೋ ಒಂದು ಮಗ್ಗ ಇನ್ನೂ ಓಡುತ್ತಿತ್ತು. ಖಟಾಖಟ್, ಖಟಾಖಟ್. ಒಂದೇ.

“ಅದು ಯಾರ ಮನಿ?” ಎಂದಳು ತ್ರಿಶಲಾ.

ಕಲ್ಮೇಶ ಮುಖ ಮುಚ್ಚಿಕೊಂಡ. ತಾಯವ್ವ ಹೊಸ್ತಿಲು ದಾಟಿ, ಕೇಳಿ, ಹಿಂದೆ ತಿರುಗಿದಳು.

“ಅಣ್ಣಾಸಾಹೇಬರ ಮನಿ ರಿ” ಎಂದಳು. “ಅವರ ಸೊಸಿ ಮಾದೇವಿ. ಅವತ್ತ ತಲಿನೋವು ಅಂದು ಹೊಳಿಗೆ ಬಂದಿರಲಿಲ್ಲ. ಹೊರಗ ಬಂದ್ರ ಆ ಸಾಲು ಹಾಡಬೇಕಾಗತೈತಿ ಅಂತ ಮಗ್ಗ ಬಿಡವಲ್ಲಳು.”

ಈಗಲಾದರೂ ಶೇವಂತಿಯ ಹೆಸರಿಗೇ ಸಹಿ ಹಾಕಿ ತೋರಿಸೋಣವೆಂದು ತ್ರಿಶಲಾ ಸಹಿಯ ಹಾಳೆ ಎತ್ತಿಕೊಂಡು ಓಣಿಗೆ ಹಾರಿದಳು. ಬಾಗಿಲು ಬಾಗಿಲಲ್ಲೂ ಹೆಂಗಸರು ನಿಂತಿದ್ದರು. ಎಲ್ಲರೂ ಒಂದೇ ಮನೆಯ ಕಡೆ ನೋಡುತ್ತಿದ್ದರು. ಅಲ್ಲಿಯವರೆಗೆ ಒಂದೂ ಹೆಜ್ಜೆ ಅವಸರ ಮಾಡದ ಅಣ್ಣಾಸಾಹೇಬರು ಈಗ ಓಡುತ್ತಿದ್ದರು. ಟೋಪಿ ಹಿಂದೆ ಬಿದ್ದಿತ್ತು.

“ಸಾಹೇಬ್ರ! ನಿಂದರ್ರಿ! ನಾ ಬರತೇನಿ, ನಿಂದರ್ರಿ!”

ಅವರು ತಿರುಗಲಿಲ್ಲ. ಹೊಸ್ತಿಲು ದಾಟಿದರು. ತ್ರಿಶಲಾ ಮೆಟ್ಟಿಲು ಹತ್ತುವಷ್ಟರಲ್ಲಿ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ಅವಳು ಎರಡೂ ಕೈಯಿಂದ ಬಾಗಿಲು ಬಡಿದಳು. ಒಳಗೆ ಮಾವ ಸೊಸೆ ಇಬ್ಬರೇ. ಮಗ್ಗದ ಸದ್ದಿನಲ್ಲಿ ಒಂದು ಮಾತೂ ಹೊರಗೆ ಕೇಳಿಸುತ್ತಿರಲಿಲ್ಲ.

ಮಗ್ಗ ಮಾತ್ರ ನಿಲ್ಲದೆ ಓಡುತ್ತಿತ್ತು.